ಗೆದ್ದವರಾರು ಎಂಬುದಕ್ಕಿಂತ ಮೊದಲಿನ ಪ್ರಶ್ನೆ

ಚುನಾವಣೆ ಸಮೀಪಿಸಿತೆಂದರೆ ನಮ್ಮ ನಾಡಿನಲ್ಲಿ ಮಾತಿಗೆ ಬರವಿಲ್ಲ. ಹಳ್ಳಿಯ ಅರಳಿಕಟ್ಟೆಯಿಂದ ಮೊದಲ್ಗೊಂಡು ಪಟ್ಟಣದ ವಕೀಲರ ಕೊಠಡಿಯವರೆಗೆ, ಕಾಫಿ ಹೋಟೆಲಿನ ಮೇಜಿನಿಂದ ದೂರದರ್ಶನದ ವಾಗ್ಯುದ್ಧದವರೆಗೆ, ಯಾವ ಪಕ್ಷದ ಗಾಳಿ ಬೀಸುತ್ತಿದೆ, ಯಾವ ಜಾತಿ ಯಾರ ಕಡೆಗೆ ವಾಲಿದೆ, ಯಾರ ಠೇವಣಿ ಉಳಿದೀತು, ಯಾರದು ಹೋದೀತು ಎಂಬ ಗಣಿತವೇ ಗಣಿತ. ಪರದೇಶದ ಚುನಾವಣೆಯನ್ನೂ ನಾವು ಬಿಡುವವರಲ್ಲ. ಅಮೆರಿಕದ ಅಧ್ಯಕ್ಷಪದವಿ ಯಾರಿಗೆ, ಬ್ರಿಟನ್ನಿನ ಪ್ರಧಾನಿ ಯಾರು ಎಂಬುದರಲ್ಲಿ ನಮಗಿರುವ ಕುತೂಹಲ, ಅಲ್ಲಿ ನೆಲಸಿರುವ ಬಂಧುಗಳ ದೆಸೆಯಿಂದಲೋ ಜಗತ್ತಿನ ವ್ಯವಹಾರ ನಮ್ಮ ಅಡಿಗೆಯ ಮನೆಯನ್ನೂ ಮುಟ್ಟುವುದರಿಂದಲೋ, ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಈ ಕುತೂಹಲ ತಪ್ಪಲ್ಲ. ಪ್ರಜಾರಾಜ್ಯದಲ್ಲಿ ಮೌನಕ್ಕಿಂತ ಗದ್ದಲವೇ ಮೇಲು. ಆದರೆ ಇಷ್ಟೆಲ್ಲ ಮಾತಿನ ನಡುವೆ, ಗೆದ್ದವರಾರು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಬಹುಮಟ್ಟಿಗೆ ಕೇಳದೆಯೇ ಉಳಿದುಬಿಡುತ್ತದೆ: ಯಾವ ನಿಯಮದಿಂದ ಅದು ಗೆಲವೆಂದು ತೀರ್ಮಾನವಾಯಿತೋ ಆ ನಿಯಮ ನ್ಯಾಯವಾದುದೆ?

ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲವೆಂದು ತೋರಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. 2018ರ ಮೇ ತಿಂಗಳಿನಲ್ಲಿ ಕರ್ನಾಟಕದ ವಿಧಾನಸಭೆಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡಾ 38ರಷ್ಟು ಮತಗಳೂ ಭಾರತೀಯ ಜನತಾ ಪಕ್ಷಕ್ಕೆ ಶೇಕಡಾ 36ರಷ್ಟು ಮತಗಳೂ ಬಂದಿದ್ದವು. ಸ್ಥಾನಗಳನ್ನು ಎಣಿಸಿದಾಗ ಮಾತ್ರ ಹೆಚ್ಚು ಮತ ಪಡೆದ ಪಕ್ಷಕ್ಕೆ ಸುಮಾರು 80, ಕಡಮೆ ಮತ ಪಡೆದ ಪಕ್ಷಕ್ಕೆ 104. ಐದು ವರ್ಷಗಳ ಮೇಲೆ, 2023ರಲ್ಲಿ, ಕಾಂಗ್ರೆಸ್ಸು ಶೇಕಡಾ 43ರಷ್ಟು ಮತ ಪಡೆದು 224ರಲ್ಲಿ 135 ಸ್ಥಾನಗಳನ್ನು, ಎಂದರೆ ಶೇಕಡಾ 60ರಷ್ಟನ್ನು, ತನ್ನದಾಗಿಸಿಕೊಂಡಿತು. ನಿಯಮ ಒಂದೇ, ಒಮ್ಮೆ ಅದು ಒಬ್ಬರನ್ನು ತುಳಿಯಿತು, ಇನ್ನೊಮ್ಮೆ ಅವರನ್ನೇ ಎತ್ತಿ ಕೂರಿಸಿತು. ಮೊದಲ ಫಲಿತಾಂಶದ ದಿನ ಮತಕ್ಕೂ ಸ್ಥಾನಕ್ಕೂ ತಾಳವಿಲ್ಲವೆಂದು ಮರುಗಿದ ಕಂಠಗಳು ಎರಡನೆಯ ಫಲಿತಾಂಶದ ದಿನ ಅದೇ ಅಸಮತೆಯನ್ನು ಜನಾದೇಶವೆಂದು ಕೊಂಡಾಡಿದವು.

ಪ್ರಗತಿಪರವೆನಿಸಿಕೊಳ್ಳುವ ದೃಷ್ಟಿಗೆ ಇಲ್ಲಿಯೇ ಒರೆಗಲ್ಲಿದೆ. ಪ್ರತಿಯೊಬ್ಬ ವಯಸ್ಕನ ಮತವೂ ಅವನ ಕೈಗೆಟುಕುವಂತಿರಬೇಕು, ಎಟುಕಿದ ಮತಕ್ಕೆ ಇನ್ನೊಬ್ಬನ ಮತದಷ್ಟೇ ಬೆಲೆ ಇರಬೇಕು, ಆ ಬೆಲೆಯನ್ನು ಧನಬಲವು ತಗ್ಗಿಸದಂತೆ ನೋಡಿಕೊಳ್ಳುವ ಹೊಣೆ ದುರ್ಬಲನದಲ್ಲ, ರಾಜ್ಯದ್ದು: ಈ ಮೂರು ಮಾತುಗಳಲ್ಲಿ ಆ ದೃಷ್ಟಿಯ ಸಾರವೆಲ್ಲ ಅಡಗಿದೆ. ಇವನ್ನು ಒಪ್ಪುವವನು ತನ್ನ ಪಕ್ಷ ಸೋತಾಗ ಮಾತ್ರವಲ್ಲದೆ ಗೆದ್ದಾಗಲೂ ನಿಯಮವನ್ನು ಪರೀಕ್ಷಿಸಬಲ್ಲವನಾಗಿರಬೇಕು. ಆ ಪರೀಕ್ಷೆಯನ್ನು ಸ್ವದೇಶದಲ್ಲಿಯೂ ಪರದೇಶಗಳಲ್ಲಿಯೂ ಯಾರು ಹೇಗೆ ಎದುರಿಸಿದರೆಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಪಟ್ಟಿಗೆ ಸೇರುವ ಹೆಸರು

ಮತದಾನಕ್ಕಿಂತ ಮೊದಲು ಮತದಾರರ ಪಟ್ಟಿ. ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮವರಿಗೆ ಸಿಕ್ಕಿದ್ದ ಮತಾಧಿಕಾರ ಆಸ್ತಿ, ಕಂದಾಯ, ವಿದ್ಯೆ ಎಂಬ ಬೇಲಿಗಳೊಳಗಿನ ಬೆಳೆ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಪ್ರಜಾಪ್ರತಿನಿಧಿ ಸಭೆ ಕೂಡಿತೆಂಬುದೂ 1923ರಲ್ಲಿ ಸ್ತ್ರೀಯರಿಗೆ ಮತಾಧಿಕಾರ ದೊರೆಯಿತೆಂಬುದೂ ನಮಗೆ ಅಭಿಮಾನದ ಸಂಗತಿಗಳೇ. ಆದರೆ ಆ ಸಭೆಯೂ ಪ್ರಧಾನವಾಗಿ ಭೂಮಿಕಾಣಿ ಉಳ್ಳವರ, ವ್ಯಾಪಾರಸ್ಥರ, ವಿದ್ಯಾವಂತರ ಸಭೆಯಾಗಿತ್ತು. ಈ ಬೇಲಿಗಳನ್ನೆಲ್ಲ ಒಂದೇ ಸಲಕ್ಕೆ ಕಿತ್ತೊಗೆದ ಸಾಹಸ ಸ್ವತಂತ್ರ ಭಾರತದ್ದು. ಸಂವಿಧಾನ ಅಂಗೀಕಾರವಾಗುವುದಕ್ಕೆ ಮುಂಚೆಯೇ, 1948ರಲ್ಲಿ, ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗರಾಯರು ಸಲಹೆಗಾರರಾಗಿದ್ದ ಸಂವಿಧಾನ ಸಭೆಯ ಕಾರ್ಯಾಲಯ ವಯಸ್ಕ ಮತದಾರರೆಲ್ಲರ ಪಟ್ಟಿಯನ್ನು ಸಿದ್ಧಪಡಿಸಲು ಪ್ರಾಂತಗಳಿಗೂ ಸಂಸ್ಥಾನಗಳಿಗೂ ಸೂಚನೆಗಳನ್ನು ಕಳುಹಿಸಿತು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರು, ನಾವು ಇಂಥ ಊರಿನಲ್ಲಿ ಇಷ್ಟು ದಿನ ವಾಸವಿದ್ದೆವೆಂದು ತೋರಿಸುವ ಕಾಗದಪತ್ರಗಳಿಲ್ಲ, ಅಷ್ಟು ಮಾತ್ರಕ್ಕೆ ನಾವು ಪ್ರಜೆಗಳಲ್ಲವೆ ಎಂದು ಕೇಳಿದಾಗ, ಇಲ್ಲಿಯೇ ನೆಲಸುವ ಸಂಕಲ್ಪವುಳ್ಳವರೆಂದು ಘೋಷಿಸಿದರೆ ಸಾಕು, ಹೆಸರು ಬರೆದುಕೊಳ್ಳಿರಿ ಎಂಬ ಉತ್ತರ ಹೋಯಿತು. ಆಡಳಿತಯಂತ್ರ ಪ್ರಜೆಯನ್ನು ಸಂಶಯದಿಂದ ನೋಡದೆ ಅವನ ಮಾತನ್ನು ನಂಬಿದ ಈ ನಿದರ್ಶನ ಚಿಕ್ಕದಾಗಿ ಕಾಣಬಹುದು. ಅದರ ಹಿಂದಿನ ತತ್ತ್ವ ದೊಡ್ಡದು.

ಆ ಪಟ್ಟಿಯಲ್ಲಿಯೂ ಊನಗಳಿದ್ದವು. 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ಮತದಾರರ ಸಂಖ್ಯೆ 17 ಕೋಟಿಗೂ ಹೆಚ್ಚು. ಅವರಲ್ಲಿ ಬಹುಸಂಖ್ಯಾತರಿಗೆ ಅಕ್ಷರಜ್ಞಾನವಿರಲಿಲ್ಲ. ಅಭ್ಯರ್ಥಿಗೊಂದರಂತೆ ಚಿಹ್ನೆ ಅಂಟಿಸಿದ ಪೆಟ್ಟಿಗೆಗಳನ್ನು ಪರದೆಯ ಹಿಂದೆ ಸಾಲಾಗಿ ಇಟ್ಟು, ಒಂದು ರೂಪಾಯಿಯ ನೋಟಿನಷ್ಟಗಲದ ಮತಪತ್ರವನ್ನು ಮತದಾರನ ಕೈಗೆ ಕೊಡುತ್ತಿದ್ದರು. ಓದಲು ಬಾರದವನು ಯಾವ ಗೆರೆಯನ್ನೂ ಎಳೆಯಬೇಕಾಗಿರಲಿಲ್ಲ, ಯಾರ ಸಹಾಯವನ್ನೂ ಬೇಡಬೇಕಾಗಿರಲಿಲ್ಲ. ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯೊಳಗೆ ಅದನ್ನು ಹಾಕಿದರಾಯಿತು. ಆದರೆ ಪಟ್ಟಿ ತಯಾರಿಸಲು ಮನೆಬಾಗಿಲಿಗೆ ಹೋದವರ ಮುಂದೆ, ಉತ್ತರದ ಕೆಲವು ಪ್ರಾಂತಗಳಲ್ಲಿ, ಲಕ್ಷಾಂತರ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಲ್ಲದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಸ್ವಂತ ಹೆಸರಿಲ್ಲದ ನಮೂದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಆ ನಿಷ್ಠುರತೆ ಸರಿಯೋ ತಪ್ಪೋ ಎಂಬ ವಾದ ಅಂದೂ ಇತ್ತು, ಇಂದೂ ಇರಬಹುದು. ಅದರಿಂದ ಎದ್ದ ಸಾರ್ವಜನಿಕ ಚರ್ಚೆಯ ಫಲವಾಗಿ ಮುಂದಿನ ಚುನಾವಣೆಯ ಹೊತ್ತಿಗೆ ಆ ಸ್ತ್ರೀಯರಲ್ಲಿ ಬಹುಮಂದಿ ತಮ್ಮ ಹೆಸರಿನಿಂದಲೇ ಮತದಾರರಾದರು ಎಂಬುದು ಮುಖ್ಯ.

ಪಟ್ಟಿಗೆ ಹೆಸರನ್ನು ಸೇರಿಸುವ ಭಾರ ಯಾರದು ಎಂಬುದರಲ್ಲಿ ದೇಶದೇಶಗಳ ನಡುವೆ ಬಹಳ ಅಂತರವಿದೆ. ನಮ್ಮಲ್ಲಿ ಸರ್ಕಾರದ ನೌಕರನೇ ಮನೆಮನೆಗೆ ಬರುವುದು ವಾಡಿಕೆ. ಅಮೆರಿಕದಲ್ಲಿ ಹೆಸರು ನೋಂದಾಯಿಸಿಕೊಳ್ಳುವ ಹೊಣೆ ಬಹುತೇಕ ಪ್ರಜೆಯದೇ. ದಕ್ಷಿಣದ ಸಂಸ್ಥಾನಗಳಲ್ಲಿ ಆ ಹೊಣೆಯನ್ನೇ ಆಯುಧವಾಗಿ ತಿರುಗಿಸಿ, ಅಕ್ಷರಪರೀಕ್ಷೆ, ತಲೆಗಂದಾಯಗಳೆಂಬ ಉಪಾಯಗಳಿಂದ ಕರಿಯರನ್ನು ಮುಕ್ಕಾಲು ಶತಮಾನ ಮತಗಟ್ಟೆಯಿಂದ ದೂರವಿಟ್ಟರು. 1965ರ ಮಾರ್ಚಿನಲ್ಲಿ ಅಲಬಾಮಾದ ಸೆಲ್ಮಾ ಪಟ್ಟಣದ ಸೇತುವೆಯ ಮೇಲೆ ಶಾಂತಿಯುತವಾಗಿ ನಡೆದುಹೋಗುತ್ತಿದ್ದವರ ಮೇಲೆ ಪೋಲೀಸರ ಲಾಠಿಗಳು ಬಿದ್ದುದನ್ನು ಇಡೀ ದೇಶ ದೂರದರ್ಶನದಲ್ಲಿ ನೋಡಿ ತಲೆತಗ್ಗಿಸಿದ ಮೇಲೆ, ಅದೇ ವರ್ಷದ ಆಗಸ್ಟಿನಲ್ಲಿ ಮತಾಧಿಕಾರ ಶಾಸನ ಬಂದಿತು. ಭೇದಭಾವದ ಇತಿಹಾಸವುಳ್ಳ ಪ್ರದೇಶಗಳು ಚುನಾವಣಾ ನಿಯಮಗಳನ್ನು ಬದಲಿಸುವುದಕ್ಕೆ ಮುಂಚೆ ಕೇಂದ್ರದ ಅನುಮತಿ ಪಡೆಯಬೇಕೆಂಬ ಅದರ ವಿಧಿಯನ್ನು 2013ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯ ನಿಷ್ಫಲಗೊಳಿಸಿತು. ತೀರ್ಪು ಹೊರಬಿದ್ದ ದಿನವೇ ಟೆಕ್ಸಾಸ್ ತನ್ನ ಗುರುತುಚೀಟಿಯ ಕಟ್ಟುಪಾಡನ್ನು ಜಾರಿಗೆ ತರುವುದಾಗಿ ಸಾರಿತು. ಆ ಕಟ್ಟುಪಾಡಿನಲ್ಲಿ ಪಿಸ್ತೂಲು ಒಯ್ಯುವ ಪರವಾನಗಿಗೆ ಮನ್ನಣೆ ಇದ್ದಿತು, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಗುರುತುಚೀಟಿಗೆ ಇರಲಿಲ್ಲ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಇಂಗಿತ ಆ ಒಂದು ವಿವರದಿಂದಲೇ ಸ್ಪಷ್ಟವಾಗುತ್ತದೆ.

ಇದನ್ನು ಕೇಳಿ ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬಿಹಾರದಲ್ಲಿ 2025ರ ಆಗಸ್ಟ್ 1ರಂದು, ವಿಶೇಷ ಪರಿಷ್ಕರಣೆಯ ಅನಂತರ ಪ್ರಕಟವಾದ ಕರಡು ಪಟ್ಟಿಯಲ್ಲಿ ಹಿಂದೆ ಇದ್ದ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಮೃತರಾದವರು, ಊರು ಬಿಟ್ಟವರು, ಎರಡು ಕಡೆ ಹೆಸರುಳ್ಳವರು ಇವರೆಂದು ಚುನಾವಣಾ ಆಯೋಗ ಹೇಳಿತು. ಅರ್ಹರೂ ಹೊರಬಿದ್ದಿದ್ದಾರೆಂದು ವಿರೋಧಿಗಳು ಹೇಳಿದರು. ಕೈಬಿಟ್ಟ ಹೆಸರುಗಳನ್ನೂ ಪ್ರತಿಯೊಂದಕ್ಕೂ ಕಾರಣವನ್ನೂ ಬಹಿರಂಗಪಡಿಸಬೇಕೆಂದು ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಆದೇಶಿಸಿತು. ಪಟ್ಟಿ ಶುದ್ಧವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸತ್ತವನ ಹೆಸರು ಉಳಿದರೆ ಆಗುವ ಕೇಡಿಗಿಂತ ಬದುಕಿರುವವನ ಹೆಸರು ಹೋದರೆ ಆಗುವ ಅನ್ಯಾಯ ದೊಡ್ಡದೆಂಬುದನ್ನು ನೆನೆದು, ಹೆಸರು ತೆಗೆಯುವವನೇ ಕಾರಣ ತೋರಿಸಬೇಕೆಂಬ ನಿಯಮವನ್ನು ನ್ಯಾಯಾಲಯದ ಬಾಗಿಲು ತಟ್ಟುವುದಕ್ಕೆ ಮುಂಚೆಯೇ ಪಾಲಿಸುವುದು ಪ್ರಜಾರಾಜ್ಯಕ್ಕೆ ಒಪ್ಪುವ ನಡತೆ.

ಹೆಸರಿದ್ದೂ ಮತವಿಲ್ಲದವರು ಇನ್ನೊಂದು ವರ್ಗ. ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯಿಂದ ಪ್ರತಿವರ್ಷವೂ ಗುಳೆ ಹೊರಟು ಬೆಂಗಳೂರಿನಲ್ಲಿಯೂ ಗೋವೆಯಲ್ಲಿಯೂ ಕಟ್ಟಡಗಳಿಗೆ ಕಲ್ಲು ಹೊರುವ ಸಂಸಾರಗಳನ್ನು ನೋಡಿರಿ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಪ್ರಜಾಪ್ರಾತಿನಿಧ್ಯ ಶಾಸನ ಹೇಳುತ್ತದೆ; ಹಾಜರಿಪುಸ್ತಕದಲ್ಲಿಯೇ ಹೆಸರಿಲ್ಲದ ಕೂಲಿಗೆ ರಜೆ ಯಾರು ಕೊಟ್ಟಾರು, ಬಸ್ಸಿನ ಹಣ ಯಾರು ತೆತ್ತಾರು? ಊರಿನಲ್ಲಿ ಚೀಟಿ ಇದೆ, ಊರಿಗೆ ಹೋಗುವ ದಾರಿಯಿಲ್ಲ. ದುಡಿಯುವಲ್ಲಿ ಮೈಬೆವರಿದೆ, ಮತವಿಲ್ಲ. ಇಂಥವರು ಇದ್ದಲ್ಲಿಂದಲೇ ತಮ್ಮ ಕ್ಷೇತ್ರಕ್ಕೆ ಮತ ಹಾಕಬಹುದಾದ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2022ರ ಕೊನೆಯಲ್ಲಿ ಪ್ರಕಟಿಸಿತು. ಮುಂದಿನ ವರ್ಷದ ಮೊದಲಲ್ಲಿ ಕರೆದ ಪಕ್ಷಗಳ ಸಭೆಯಲ್ಲಿ ವಿರೋಧಪಕ್ಷಗಳ ಅಪನಂಬಿಕೆಯಿಂದ ಆ ಯೋಜನೆ ಮುಂದುವರಿಯಲಿಲ್ಲ. ಅಪನಂಬಿಕೆಗೆ ಕಾರಣಗಳಿದ್ದಿರಬಹುದು. ಆದರೆ ಬೇಡವೆಂದವರು ಬದಲಿಗೆ ಇನ್ನಾವ ಉಪಾಯವನ್ನೂ ಮುಂದಿಡಲಿಲ್ಲವೆಂಬುದನ್ನೂ ಹೇಳಬೇಕಾಗುತ್ತದೆ. ಆಸ್ಟ್ರೇಲಿಯದವರು ಸುಮಾರು ನೂರು ವರ್ಷಗಳ ಹಿಂದೆ, 1922ರ ಚುನಾವಣೆಗೆ ಶೇಕಡಾ 60ರಷ್ಟೂ ಮತದಾರರು ಬಾರದುದನ್ನು ಕಂಡು, 1924ರಲ್ಲಿ ಮತದಾನವನ್ನು ಕಡ್ಡಾಯಗೊಳಿಸಿದರು. ಮರುವರ್ಷವೇ ಮತದಾನದ ಪ್ರಮಾಣ ಶೇಕಡಾ 91ನ್ನು ದಾಟಿತು. ಕಡ್ಡಾಯವೆಂಬುದು ಅಲ್ಲಿ ಪ್ರಜೆಗೆ ಮಾತ್ರ ಬಿದ್ದ ಕಟ್ಟಲ್ಲ: ದಂಡ ಹಾಕುವ ರಾಜ್ಯ ಮತಗಟ್ಟೆಯನ್ನು ಎಲ್ಲರಿಗೂ ಹತ್ತಿರ ತರಲೇಬೇಕಾಗುತ್ತದೆ, ಚುನಾವಣೆಯನ್ನು ಬಿಡುವಿನ ಶನಿವಾರವೇ ಇಡಬೇಕಾಗುತ್ತದೆ.

ಮತವು ಸ್ಥಾನವಾಗುವ ಬಗೆ

ಪಟ್ಟಿಯ ಬಾಗಿಲು ದಾಟಿದ ಮತಕ್ಕೆ ಎರಡನೆಯ ಗಂಡಾಂತರ ಎಣಿಕೆಯ ಕೊಠಡಿಯಲ್ಲಿದೆ. ಕ್ಷೇತ್ರವೊಂದರಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವನೇ ಗೆದ್ದವನು, ಉಳಿದ ಮತಗಳೆಲ್ಲ ವ್ಯರ್ಥ ಎಂಬ ಪದ್ಧತಿಯನ್ನು ನಾವು ಬ್ರಿಟನ್ನಿನಿಂದ ಪಡೆದೆವು. ಸಂವಿಧಾನ ಸಭೆಯಲ್ಲಿ ಇದರ ಮೇಲೆ ಚರ್ಚೆ ನಡೆಯದೆ ಇರಲಿಲ್ಲ; 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನರು ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ಪ್ರತಿಪಾದಿಸಿದಾಗ, ಅಂಥ ಪದ್ಧತಿಗೆ ವ್ಯಾಪಕವಾದ ಅಕ್ಷರಜ್ಞಾನ ಬೇಕೆಂದೂ ಪಕ್ಷಗಳು ಛಿದ್ರವಾಗಿ ಸರ್ಕಾರದ ಸ್ಥಿರತೆ ಕೆಡುವುದೆಂದೂ ಡಾಕ್ಟರ್ ಅಂಬೇಡ್ಕರರು ಉತ್ತರಿಸಿದರು. ಅಂದಿನ ದೇಶಸ್ಥಿತಿಯಲ್ಲಿ ಅದು ವಿವೇಕದ ಮಾತಾಗಿತ್ತು. ಆದರೆ ಆ ಮಾತು ಆ ಕಾಲಕ್ಕೆ ಸಂದದ್ದು; ಅಕ್ಷರಸ್ಥರ ಪ್ರಮಾಣ ನಾಲ್ಕು ಪಟ್ಟಾಗಿ ಬೆಳೆದ ಮೇಲೂ ಪ್ರಶ್ನೆಯನ್ನು ಮರಳಿ ಕೇಳಬಾರದೆಂದು ಅಂಬೇಡ್ಕರರು ಎಲ್ಲಿಯೂ ವಿಧಿಸಿಲ್ಲ.

ಆ ಪದ್ಧತಿಯ ತವರುಮನೆಯಲ್ಲಿ 2024ರ ಜುಲೈ 4ರಂದು ನಡೆದುದನ್ನು ನೋಡಿದರೆ ಅದರ ವೈಚಿತ್ರ್ಯ ಇನ್ನಷ್ಟು ಮನದಟ್ಟಾಗುತ್ತದೆ. ಲೇಬರ್ ಪಕ್ಷಕ್ಕೆ ಬಂದ ಮತ ಶೇಕಡಾ 33.7, ದೊರೆತ ಸ್ಥಾನ 650ರಲ್ಲಿ 411. ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಮತ, ಸ್ಥಾನ 5. ಲಿಬರಲ್ ಡೆಮಾಕ್ರಾಟರಿಗೆ ಅದಕ್ಕಿಂತ ಕಡಮೆ, 35 ಲಕ್ಷ ಮತ. ಸ್ಥಾನ ಮಾತ್ರ 72. ಲೇಬರ್ ಪಕ್ಷದ ಒಬ್ಬ ಸದಸ್ಯನ ಹಿಂದೆ ಸುಮಾರು 24 ಸಾವಿರ ಮತಗಳಿದ್ದರೆ ರಿಫಾರ್ಮ್ ಪಕ್ಷದ ಒಬ್ಬ ಸದಸ್ಯನ ಹಿಂದೆ 8 ಲಕ್ಷಕ್ಕೂ ಹೆಚ್ಚು. ರಿಫಾರ್ಮ್ ಪಕ್ಷದ ವಲಸೆವಿರೋಧಿ ನಿಲವು ಪ್ರಗತಿಪರರಿಗೆ ಸಹ್ಯವಾದುದಲ್ಲ. ಹಾಗೆಂದು ಅದಕ್ಕೆ ಮತ ಕೊಟ್ಟ 41 ಲಕ್ಷ ಮಂದಿ ಅರ್ಧಪ್ರಜೆಗಳಾಗಲಾರರು. ಸೋಜಿಗವೆಂದರೆ, ಪ್ರಮಾಣಾನುಗುಣ ಪ್ರಾತಿನಿಧ್ಯ ಬರಬೇಕೆಂದು ಲೇಬರ್ ಪಕ್ಷದ ವಾರ್ಷಿಕ ಸಮ್ಮೇಳನವೇ 2022ರಲ್ಲಿ ನಿರ್ಣಯ ಮಾಡಿತ್ತು. ನಾಯಕರು ಅದನ್ನು ಚುನಾವಣಾ ಪ್ರಣಾಳಿಕೆಯೊಳಕ್ಕೆ ಬರಗೊಡಲಿಲ್ಲ, ಗೆದ್ದ ಮೇಲೆ ಅದರ ಹೆಸರೆತ್ತಲಿಲ್ಲ.

ಕೆನಡದ ಕಥೆ ಇನ್ನೂ ಸ್ಫುಟವಾದುದು. ಈ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ ಇದೇ ಎಂದು 2015ರಲ್ಲಿ ಜಸ್ಟಿನ್ ಟ್ರೂಡೊ ಮಾತು ಕೊಟ್ಟರು, ಶೇಕಡಾ 39.5 ಮತದಿಂದ 338ರಲ್ಲಿ 184 ಸ್ಥಾನಗಳು ಅವರ ಪಕ್ಷಕ್ಕೆ ಬಂದವು. 2017ರ ಫೆಬ್ರುವರಿಯಲ್ಲಿ, ಒಮ್ಮತ ಮೂಡಲಿಲ್ಲವೆಂದು ಹೇಳಿ, ಕೊಟ್ಟ ಮಾತನ್ನು ಕೈಬಿಟ್ಟರು. ಮುಂದೆ 2019ರಲ್ಲಿಯೂ 2021ರಲ್ಲಿಯೂ ಹೆಚ್ಚು ಮತ ಪಡೆದದ್ದು ಕನ್ಸರ್ವೇಟಿವ್ ಪಕ್ಷ, ಹೆಚ್ಚು ಸ್ಥಾನ ಪಡೆದು ರಾಜ್ಯಭಾರ ಮಾಡಿದ್ದು ಟ್ರೂಡೊ ಅವರ ಲಿಬರಲ್ ಪಕ್ಷ. ಏಣಿಯಿಂದ ಮೇಲೇರಿದವನಿಗೆ ಏಣಿಯ ಮೆಟ್ಟಿಲು ಮುರಿದಿರುವುದು ಕಾಣುವುದಿಲ್ಲ.

ನ್ಯೂಜಿಲೆಂಡಿನ ದೃಷ್ಟಾಂತ

ಹಾಗಾದರೆ ಗೆದ್ದವರ ಕೈಯಿಂದಲೇ ಗೆಲವಿನ ನಿಯಮವನ್ನು ಬದಲಾಯಿಸಿದವರು ಯಾರೂ ಇಲ್ಲವೆ? ಇದ್ದಾರೆ; ಅದಕ್ಕಾಗಿ ಭೂಪಟದ ಕೊನೆಯ ಮೂಲೆಗೆ ಹೋಗಬೇಕು. ಕೇಟ್ ಶೆಪರ್ಡ್ ಮತ್ತು ಅವರ ಸಂಗಾತಿಗಳು ಸಾವಿರಾರು ಸ್ತ್ರೀಯರ ರುಜುಗಳ ಮನವಿಯನ್ನು ಸುರುಳಿಸುತ್ತಿ ಶಾಸನಸಭೆಯ ಮುಂದಿಟ್ಟು, 1893ರಲ್ಲಿ, ಸ್ವಯಮಾಡಳಿತವುಳ್ಳ ದೇಶಗಳಲ್ಲಿ ಮೊದಲನೆಯದಾಗಿ, ಸ್ತ್ರೀಯರ ಮತಾಧಿಕಾರವನ್ನು ಗಳಿಸಿದ ನಾಡು ನ್ಯೂಜಿಲೆಂಡ್. ಅಲ್ಲಿಯೂ ನಮ್ಮದೇ ಪದ್ಧತಿಯಿತ್ತು. 1978ರಲ್ಲಿ ಮತ್ತೆ 1981ರಲ್ಲಿ, ಎರಡು ಸಲ ಎಡೆಬಿಡದೆ, ಲೇಬರ್ ಪಕ್ಷಕ್ಕೆ ಮತ ಹೆಚ್ಚು ಬಂದರೂ ರಾಬರ್ಟ್ ಮುಲ್ಡೂನರ ನ್ಯಾಷನಲ್ ಪಕ್ಷವೇ ಸ್ಥಾನಬಲದಿಂದ ಗದ್ದುಗೆಯಲ್ಲಿ ಉಳಿಯಿತು. 1981ರಲ್ಲಿ ಶೇಕಡಾ 20ಕ್ಕೂ ಮಿಕ್ಕಿ ಮತ ಪಡೆದ ಮೂರನೆಯ ಪಕ್ಷಕ್ಕೆ ಸಿಕ್ಕಿದ್ದು 92ರಲ್ಲಿ 2 ಸ್ಥಾನ.

ಅನಂತರ ಬಂದ ಲೇಬರ್ ಸರ್ಕಾರ ನೇಮಿಸಿದ ರಾಜಾಯೋಗ, ಜರ್ಮನಿಯ ಮಾದರಿಯ ಮಿಶ್ರಪದ್ಧತಿಯನ್ನು 1986ರಲ್ಲಿ ಶಿಫಾರಸು ಮಾಡಿತು. ಮತದಾರನಿಗೆ ಎರಡು ಮತ: ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಕ್ಷೇತ್ರಗಳಲ್ಲಿ ಗೆದ್ದವರು ಹಾಗೆಯೇ ಸಭೆಗೆ ಹೋಗುತ್ತಾರೆ. ಆದರೆ ಒಟ್ಟು ಸದಸ್ಯಬಲ ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ಸರಿಹೊಂದುವಂತೆ ಉಳಿದ ಸ್ಥಾನಗಳನ್ನು ಪಕ್ಷದ ಪಟ್ಟಿಯಿಂದ ತುಂಬುತ್ತಾರೆ. ಚಿಲ್ಲರೆ ಪಕ್ಷಗಳ ಹಾವಳಿಯನ್ನು ತಡೆಯಲು, ಕೊನೆಗೆ ಜಾರಿಗೆ ಬಂದ ರೂಪದಲ್ಲಿ, ಶೇಕಡಾ 5 ಮತವನ್ನೋ ಒಂದು ಕ್ಷೇತ್ರವನ್ನೋ ಗೆಲ್ಲದ ಪಕ್ಷಕ್ಕೆ ಪಾಲಿಲ್ಲ. ಎರಡು ದೊಡ್ಡ ಪಕ್ಷಗಳಿಗೂ ಈ ಶಿಫಾರಸು ರುಚಿಸಲಿಲ್ಲ. 1987ರಲ್ಲಿ ಪ್ರಧಾನಿ ಡೇವಿಡ್ ಲ್ಯಾಂಗಿ ದೂರದರ್ಶನದ ವಾದದಲ್ಲಿ ಜನಮತಗಣನೆಯ ಭರವಸೆ ಕೊಟ್ಟರು, ಅದು ನಡೆಯಲಿಲ್ಲ; ಕೊಟ್ಟ ಮಾತಿಗೆ ತಪ್ಪಿದರೆಂದು ಹೀಗಳೆಯುತ್ತ ನ್ಯಾಷನಲ್ ಪಕ್ಷದ ಜಿಮ್ ಬೊಲ್ಜರ್ 1990ರಲ್ಲಿ ಅದೇ ಭರವಸೆಯನ್ನು ತಾವು ಕೊಟ್ಟು, ಅದರಲ್ಲಿ ತಾವೇ ಸಿಕ್ಕಿಕೊಂಡರು. 1992ರ ಮೊದಲ ಜನಮತಗಣನೆಯಲ್ಲಿ ಬದಲಾವಣೆ ಬೇಕೆಂದವರು ಶೇಕಡಾ 84ಕ್ಕೂ ಹೆಚ್ಚು. 1993ರ ಎರಡನೆಯದರಲ್ಲಿ, ಉದ್ಯಮಪತಿಗಳ ಬೆಂಬಲದಿಂದ ನಡೆದ ಪ್ರಬಲವಾದ ವಿರುದ್ಧಪ್ರಚಾರದ ನಡುವೆಯೂ, ಶೇಕಡಾ 53.9ರಷ್ಟು ಜನ ಹೊಸ ಪದ್ಧತಿಯನ್ನು ಆರಿಸಿಕೊಂಡರು.

ಹೊಸ ಪದ್ಧತಿ ಎಲ್ಲ ರೋಗಗಳಿಗೂ ಮದ್ದಾಗಲಿಲ್ಲ. 1996ರ ಮೊದಲ ಚುನಾವಣೆಯ ಬಳಿಕ ಯಾರಿಗೂ ಬಹುಮತವಿಲ್ಲದೆ, ಮಧ್ಯದಲ್ಲಿದ್ದ ಒಂದು ಚಿಕ್ಕ ಪಕ್ಷ ಯಾರ ಕೈ ಹಿಡಿಯಬೇಕೆಂದು ಸುಮಾರು ಎರಡು ತಿಂಗಳು ಚೌಕಾಸಿ ಮಾಡಿತು. ಅಂಬೇಡ್ಕರರ ಶಂಕೆ ಬರಿಯ ಶಂಕೆಯಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ. ಆದರೆ ಅದೇ ಚುನಾವಣೆಯಲ್ಲಿ ಸಭೆಯ ಸ್ತ್ರೀಸದಸ್ಯರ ಪ್ರಮಾಣ ಶೇಕಡಾ 21ರಿಂದ 29ಕ್ಕೆ ಏರಿತು, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಸದಸ್ಯರ ಸಂಖ್ಯೆಯೂ ಹೆಚ್ಚಿತು. ಜನ ಎರಡನ್ನೂ ತೂಗಿನೋಡಿ, 2011ರಲ್ಲಿ ಮತ್ತೊಮ್ಮೆ ಕೇಳಿದಾಗ, ಪದ್ಧತಿಯನ್ನು ಉಳಿಸಿಕೊಂಡರು. ಸೋತ ಪಕ್ಷದ ಗೊಣಗಾಟ, ಆಯೋಗದ ಅಧ್ಯಯನ, ಹದಿನೈದು ವರ್ಷಗಳ ಸಾರ್ವಜನಿಕ ವಾದ, ರಾಜಕಾರಣಿಗಳ ಪರಸ್ಪರ ಹೀಗಳಿಕೆ ಇವೆಲ್ಲ ಕೂಡಿ ಒಂದು ನಿಯಮವನ್ನು ಬದಲಾಯಿಸಿದವು. ನಿಯಮಗಳು ಪ್ರಕೃತಿಯ ಸೃಷ್ಟಿಯಲ್ಲ, ಮನುಷ್ಯರು ಮಾಡಿದವು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿಕೊಡುವ ಉದಾಹರಣೆ ವಿರಳ.

ನಿಯಮ ಬದಲಾದರೆ ಫಲವೂ ಬದಲಾಗುತ್ತದೆಂಬುದಕ್ಕೆ ನಮ್ಮ ಮನೆಯಲ್ಲಿಯೇ ಒಂದು ಪ್ರಮಾಣವಿದೆ. 1983ರ ಶಾಸನದ ಪ್ರಕಾರ, ಆಗಿನ ಸಚಿವ ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಿಂದ, 1987ರಲ್ಲಿ ಕರ್ನಾಟಕದ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ನಡೆದ ಚುನಾವಣೆಯಲ್ಲಿ ನಾಲ್ಕನೆಯ ಒಂದು ಪಾಲು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದವು. ಅಂಥ ಮೀಸಲನ್ನು ಇಡೀ ದೇಶಕ್ಕೆ ಅನ್ವಯಿಸಿದ ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು ಅದರ ಅನಂತರ. ಇಂದು ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರವು. 2023ರಲ್ಲಿ ವಿಧಾನಸಭೆಗೆ ಆರಿಸಿಬಂದ 224 ಮಂದಿಯಲ್ಲಿ ಸ್ತ್ರೀಯರು 10. ಎರಡು ಕಡೆಯೂ ಮತ ಹಾಕಿದವರು ಅದೇ ಊರಿನ ಅದೇ ಜನ. ಸ್ತ್ರೀಯರನ್ನು ಜನ ಒಪ್ಪುವುದಿಲ್ಲವೆಂಬ ಹಳೆಯ ನೆಪ ಈ ಎರಡು ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಶಾಯಿ ಮತ್ತು ಹಣ

ಎಣಿಕೆಯ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಮತ ಹಾಕುವವನ ಮನಸ್ಸನ್ನು ಹಣ ಕೊಂಡುಕೊಂಡರೆ ಉಳಿಯುವುದೇನು? ಸಣ್ಣ ವಂಚನೆಯನ್ನು ತಡೆಯುವುದರಲ್ಲಿ ನಾವು ಜಾಣರು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ, ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ, 1962ರ ಚುನಾವಣೆಯಿಂದ ಈಚೆಗೆ ಇಡೀ ದೇಶಕ್ಕೆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಹತ್ತು ಮಿಲಿಲೀಟರಿನ ಒಂದು ಪುಟ್ಟ ಸೀಸೆ ಸುಮಾರು 700 ಮಂದಿಗೆ ಸಾಕು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಎಡಗೈ ತೋರುಬೆರಳಿನ ಚರ್ಮವನ್ನು ಸೋಕಿ, ಬೆಳಕಿಗೆ ಕಪ್ಪಾಗಿ, ಸಾಬೂನಿಗೂ ಎಣ್ಣೆಗೂ ಜಗ್ಗದೆ ಉಗುರು ಬೆಳೆದು ಹೊರಹೋಗುವವರೆಗೆ ನಿಲ್ಲುತ್ತದೆ. ಏಷ್ಯ ಆಫ್ರಿಕಗಳ ಎಷ್ಟೋ ದೇಶಗಳ ಮತದಾರರ ಬೆರಳಿನ ಮೇಲೆ ಮೈಸೂರಿನ ಗೆರೆ ಮೂಡಿದೆ. ಒಬ್ಬನಿಗೆ ಒಂದೇ ಮತ ಎಂಬ ತತ್ತ್ವಕ್ಕೆ ಕನ್ನಡನಾಡು ಕೊಟ್ಟ ಕಾಣಿಕೆ ಅದು.

ದೊಡ್ಡ ವಂಚನೆಗೆ ಅಂಥ ಶಾಯಿ ಇನ್ನೂ ತಯಾರಾಗಿಲ್ಲ. ದೊಡ್ಡ ರಾಜ್ಯಗಳಲ್ಲಿ ಲೋಕಸಭೆಯ ಅಭ್ಯರ್ಥಿ 95 ಲಕ್ಷ ರೂಪಾಯಿಗಿಂತ, ವಿಧಾನಸಭೆಯವನು 40 ಲಕ್ಷಕ್ಕಿಂತ ಹೆಚ್ಚು ವೆಚ್ಚ ಮಾಡಕೂಡದೆಂದು ವಿಧಿಯಿದೆ. ಅವನ ಪಕ್ಷ ಎಷ್ಟು ಬೇಕಾದರೂ ವೆಚ್ಚ ಮಾಡಬಹುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಈ ವ್ಯವಸ್ಥೆಗೆ 2018ರಲ್ಲಿ ಚುನಾವಣಾ ಬಾಂಡುಗಳೆಂಬ ಗುಪ್ತದಾನದ ಮಾರ್ಗವೂ ಸೇರಿತು. ಯಾವ ಸಂಸ್ಥೆ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂಬುದು ಮತದಾರನಿಗೆ ತಿಳಿಯದಂತಿದ್ದ ಆ ಯೋಜನೆಯನ್ನು 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ಮತದಾರನ ತಿಳಿಯುವ ಹಕ್ಕಿಗೆ ಭಂಗವೆಂದು, ರದ್ದುಮಾಡಿತು. ಬಳಿಕ ಹೊರಬಂದ ಲೆಕ್ಕದಲ್ಲಿ, 2019ರ ಏಪ್ರಿಲಿನಿಂದ ಈಚಿನ ಮೊತ್ತವೇ 12 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತ್ತು. ಎಲ್ಲರಿಗಿಂತ ದೊಡ್ಡ ಪಾಲು ಕೇಂದ್ರದ ಆಡಳಿತಪಕ್ಷದ್ದಾದರೂ, ರಾಜ್ಯಗಳನ್ನು ಆಳುತ್ತಿದ್ದ ವಿರೋಧಪಕ್ಷಗಳೂ ಬರಿಗೈಯಲ್ಲಿರಲಿಲ್ಲ. ಅಮೆರಿಕದಲ್ಲಿ ಇದಕ್ಕೆ ವಿಪರ್ಯಾಸವೆಂಬಂತೆ, ಕಂಪನಿಗಳ ಸ್ವತಂತ್ರ ಚುನಾವಣಾ ವೆಚ್ಚಕ್ಕೆ ಮಿತಿ ಹಾಕುವುದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2010ರಲ್ಲಿ ಶ್ರೇಷ್ಠ ನ್ಯಾಯಾಲಯವೇ ತೀರ್ಪಿತ್ತು, ಕಟ್ಟೆ ಒಡೆಯಿತು. ಹಣದ ವಿಷಯದಲ್ಲಿ ನಮ್ಮ ನ್ಯಾಯಾಲಯ ಆಡಿದ ಮಾತು ಹೆಚ್ಚು ಪ್ರಜಾಪಕ್ಷಪಾತಿಯಾದುದೆಂದು ನಾವು ಹೇಳಿಕೊಳ್ಳಬಹುದು. ಪಕ್ಷದ ವೆಚ್ಚಕ್ಕೆ ಮಿತಿಯಿಲ್ಲದಿರುವ ತನಕ ಆ ಹೆಮ್ಮೆ ಅರ್ಧ ಮಾತ್ರ.

ನಮಗೆ ಬಂದಿರುವ ಪರೀಕ್ಷೆ

ಗೆದ್ದಾಗ ನಿಯಮವನ್ನು ಪರೀಕ್ಷಿಸಬೇಕೆಂಬ ಮಾತನ್ನು ಇತರರಿಗೆ ಹೇಳುವುದು ಸುಲಭ. ಆ ಪರೀಕ್ಷೆ ಈಗ ಕರ್ನಾಟಕದ ಹೊಸ್ತಿಲಿಗೇ ಬಂದು ನಿಂತಿದೆ. ಲೋಕಸಭೆಯ ಸ್ಥಾನಗಳು ರಾಜ್ಯಗಳ ನಡುವೆ ಹಂಚಿಹೋಗಿರುವುದು 1971ರ ಜನಗಣತಿಯ ಆಧಾರದ ಮೇಲೆ. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ಶಿಕ್ಷೆಯಾಗಬಾರದೆಂದು 1976ರಲ್ಲಿ ಆ ಹಂಚಿಕೆಯನ್ನು ಸ್ಥಗಿತಗೊಳಿಸಿದರು. ಸಂವಿಧಾನದ 84ನೆಯ ತಿದ್ದುಪಡಿ ಅದನ್ನು 2026ರ ಅನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. 2027ರ ಮಾರ್ಚ್ 1ನ್ನು ಆಧಾರದಿನವಾಗಿ ಇಟ್ಟುಕೊಂಡು ಜನಗಣತಿಯ ಘೋಷಣೆಯಾಗಿದೆ. 2023ರ ತಿದ್ದುಪಡಿಯಲ್ಲಿ, ಸ್ತ್ರೀಯರಿಗೆ ಶಾಸನಸಭೆಗಳಲ್ಲಿ ಮೂರನೆಯ ಒಂದು ಪಾಲನ್ನು ಕೊಡುವ ವಾಗ್ದಾನವನ್ನೂ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಬಾಲಕ್ಕೆ ಕಟ್ಟಿದರು.

ಹೊಸ ಜನಸಂಖ್ಯೆಯಂತೆ ಹಂಚಿದರೆ ದಕ್ಷಿಣದ ತೂಕ ತಗ್ಗುವುದು ನಿಶ್ಚಯ. ಅದನ್ನು ಅನ್ಯಾಯವೆಂದು ನಾವೆಲ್ಲರೂ ಕೂಗುತ್ತಿದ್ದೇವೆ. ಆ ಕೂಗಿನಲ್ಲಿ ಸತ್ಯಾಂಶವಿದೆ: ಶಾಲೆ ಆಸ್ಪತ್ರೆಗಳಿಗೆ ಹಣ ಸುರಿದು ಸಂಸಾರಗಳನ್ನು ಚಿಕ್ಕದಾಗಿಸಿದ ನಾಡಿಗೆ ಅದೇ ಕಾರಣದಿಂದ ದಿಲ್ಲಿಯಲ್ಲಿ ದನಿ ಕುಗ್ಗಬಾರದು. ಆದರೆ ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿಡಬೇಕು. 2011ರ ಜನಗಣತಿಯಂತೆ ಲೆಕ್ಕ ಹಾಕಿದರೆ ಕರ್ನಾಟಕದ 28 ಸದಸ್ಯರಲ್ಲಿ ಒಬ್ಬೊಬ್ಬನೂ ಸುಮಾರು 22 ಲಕ್ಷ ಜನರ ಪ್ರತಿನಿಧಿ. ಬಿಹಾರದ 40 ಸದಸ್ಯರಲ್ಲಿ ಒಬ್ಬೊಬ್ಬನೂ ಸುಮಾರು 26 ಲಕ್ಷ ಜನರ ಪ್ರತಿನಿಧಿ. ಅಂತರ ಈಗ ಇನ್ನೂ ಹಿಗ್ಗಿದ್ದೀತು. ನಿಯಮದ ಇಂದಿನ ಪಕ್ಷಪಾತ ನಮ್ಮ ಕಡೆಗಿದೆ.

ಆದಕಾರಣ ನಮ್ಮ ಸಭೆಗಳಲ್ಲಿ, ಸಂಘಗಳಲ್ಲಿ, ಪತ್ರಿಕೆಗಳಲ್ಲಿ ನಡೆಯಬೇಕಾದ ಚರ್ಚೆ ಸ್ಥಾನ ಉಳಿಯುವುದೋ ಹೋಗುವುದೋ ಎಂಬಲ್ಲಿಗೆ ಮುಗಿಯಕೂಡದು. ವ್ಯಕ್ತಿಗಳ ಸಮಾನತೆಯನ್ನು ಲೋಕಸಭೆಗೂ ರಾಜ್ಯಗಳ ಮರ್ಯಾದೆಯನ್ನು ರಾಜ್ಯಸಭೆಗೂ ವಹಿಸಿಕೊಟ್ಟು ಎರಡನ್ನೂ ಕಾಪಾಡಲಾಗದೆ? ಜನಸಂಖ್ಯೆಯ ಭೇದವನ್ನು ಕಿಂಚಿತ್ತೂ ಲೆಕ್ಕಿಸದೆ ಪ್ರತಿ ಸಂಸ್ಥಾನಕ್ಕೂ ಇಬ್ಬರೆಂಬ ಅಮೆರಿಕದ ಸೆನೆಟ್ಟಿನ ನಿಯಮ ಒಂದು ಅತಿ. ನಮ್ಮ ರಾಜ್ಯಸಭೆಯಲ್ಲಿಯೂ ಬಹುಮಟ್ಟಿಗೆ ಜನಸಂಖ್ಯೆಯನ್ನೇ ಅನುಸರಿಸಿರುವುದು ಇನ್ನೊಂದು ಅತಿ. ಜರ್ಮನಿಯಲ್ಲಿ ರಾಜ್ಯಗಳ ಸಭೆಯಲ್ಲಿ ಅತಿ ಚಿಕ್ಕ ರಾಜ್ಯಕ್ಕೂ 3 ಮತ, ಅತಿ ದೊಡ್ಡದಕ್ಕೂ 6ಕ್ಕಿಂತ ಹೆಚ್ಚಿಲ್ಲ. ಇವೆರಡರ ನಡುವಣ ದಾರಿ ಅದು. ನಮಗೆ ಯಾವುದು ಹೊಂದುವುದೆಂಬುದನ್ನು ಈಗಲೇ ಮಾತಾಡಿ ತೀರ್ಮಾನಿಸುವುದು ಲೇಸು, ಏಕೆಂದರೆ ಫಲಿತಾಂಶ ಕಣ್ಣಿಗೆ ಬಿದ್ದ ಮೇಲೆ ನಿಯಮದ ನ್ಯಾಯಾನ್ಯಾಯವನ್ನು ನಿಷ್ಪಕ್ಷಪಾತವಾಗಿ ತೂಗಬಲ್ಲವರು ಯಾವ ದೇಶದಲ್ಲಿಯೂ ಹೆಚ್ಚು ಮಂದಿ ಇಲ್ಲವೆಂಬುದನ್ನು ಲಂಡನ್ನೂ ಒಟ್ಟಾವವೂ ಬೆಂಗಳೂರೂ ಸಮನಾಗಿ ತೋರಿಸಿಕೊಟ್ಟಿವೆ. ಕರ್ನಾಟಕ ಕೊನೆಗೆ ಯಾವ ಸೂತ್ರವನ್ನು ಮುಂದಿಟ್ಟರೂ, ನಮ್ಮ ಊರಿನಲ್ಲಿಯೇ ಗಾರೆಕೆಲಸಕ್ಕೆ ಬಂದಿರುವ, ಇಲ್ಲಿ ಮತವಿಲ್ಲದ, ತನ್ನೂರಿನಲ್ಲಿ ನಮ್ಮದಕ್ಕಿಂತ ಹಗುರವಾದ ಮತವುಳ್ಳ ಬಿಹಾರದ ಕಾರ್ಮಿಕನ ಎದುರಿಗೆ ನಿಂತು ಅದನ್ನು ಸಮರ್ಥಿಸಲು ನಮಗೆ ಸಾಧ್ಯವಾಗಬೇಕು.